ಒಂಬತ್ತನೆಯ ಬಿಟ್‌ನ ವಿಚಾರಣೆ: ಹಳೆಯ ಕಂಪ್ಯೂಟರ್‌ಗಳಲ್ಲಿ ಕೆಟ್ಟ ಮತ್ತು ನಕಲಿ ಪ್ಯಾರಿಟಿ ಮೆಮೊರಿ

ಹಳೆಯ ಪಿಸಿಯೊಂದನ್ನು ಆನ್ ಮಾಡುತ್ತೀರಿ. ಮೆಮೊರಿ ಎಣಿಕೆ ಸರಾಗವಾಗಿ ಮುಗಿಯುತ್ತದೆ, ಡಾಸ್ ಬರುತ್ತದೆ, ಸ್ವಲ್ಪ ಹೊತ್ತು ಕೆಲಸವೂ ನಡೆಯುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಪರದೆಯ ಮೇಲೆ ‘ಪ್ಯಾರಿಟಿ ಚೆಕ್ 1’ ಎಂಬ ಸಾಲು ಮೂಡಿ ಯಂತ್ರ ನಿಂತುಬಿಡುತ್ತದೆ. ಆಗ ನಮ್ಮಲ್ಲಿ ಹೆಚ್ಚಿನವರು ಮಾಡುವ ಕೆಲಸ ಒಂದೇ: ಮೆಮೊರಿಯನ್ನು ಒಂದೊಂದಾಗಿ ಬದಲಿಸುತ್ತ ಹೋಗುವುದು, ಆ ಸಂದೇಶ ಬರದ ಮಾಡ್ಯೂಲ್ (ಮೆಮೊರಿ ಚಿಪ್‌ಗಳನ್ನು ಹೊತ್ತ ಸಣ್ಣ ಹಲಗೆ) ಸಿಕ್ಕಿದ ಕೂಡಲೇ ರಿಪೇರಿ ಮುಗಿಯಿತೆಂದು ಮುಚ್ಚಳ ಹಾಕುವುದು. ನನ್ನ ತಕರಾರು ಇರುವುದು ಈ ಕೊನೆಯ ಹೆಜ್ಜೆಯ ಬಗ್ಗೆ. ಸಂದೇಶ ನಿಂತಿತೆಂದ ಮಾತ್ರಕ್ಕೆ ಮೆಮೊರಿ ಸರಿಯಾಯಿತು ಎಂದು ಅರ್ಥವಲ್ಲ. ಏಕೆಂದರೆ, ತಪ್ಪಾದರೂ ದೂರು ಹೇಳಲು ಸಾಧ್ಯವೇ ಇಲ್ಲದಂತೆ ತಯಾರಿಸಿದ ಮಾಡ್ಯೂಲ್‌ಗಳು 1990ರ ದಶಕದಲ್ಲಿ ಮಾರುಕಟ್ಟೆಗೆ ಬಂದಿದ್ದವು. ಅವು ಇಂದಿಗೂ ಹಳೆಯ ಬಿಡಿಭಾಗಗಳ ಪೆಟ್ಟಿಗೆಗಳಲ್ಲಿ ಅಸಲಿಯ ಜೊತೆ ಬೆರೆತೇ ಇವೆ.

ಮೊದಲು ಪ್ಯಾರಿಟಿಯ ಲೆಕ್ಕವನ್ನು ನೆನಪಿಸಿಕೊಳ್ಳೋಣ. ಒಂದು ಬೈಟ್‌ನಲ್ಲಿ ಎಂಟು ಬಿಟ್‌ಗಳಿರುತ್ತವೆ. ಪಿಸಿ ವರ್ಗದ ಯಂತ್ರಗಳಲ್ಲಿ ಅದರ ಜೊತೆಗೆ ಒಂಬತ್ತನೆಯ ಬಿಟ್ ಒಂದನ್ನು ಸೇರಿಸಿ, ಒಂಬತ್ತರಲ್ಲಿರುವ ಒಂದುಗಳ ಒಟ್ಟು ಸಂಖ್ಯೆ ಯಾವಾಗಲೂ ಬೆಸವಾಗಿರುವಂತೆ ನೋಡಿಕೊಳ್ಳುತ್ತಾರೆ. ಬರೆಯುವಾಗ 74ಎಲ್‌ಎಸ್280 ಎಂಬ ಚಿಪ್ ಅಥವಾ ಅದಕ್ಕೆ ಸಮಾನವಾದ ಸರ್ಕ್ಯೂಟ್ ಆ ಬಿಟ್ಟನ್ನು ಲೆಕ್ಕ ಹಾಕಿ ಮೆಮೊರಿಗೆ ಕಳಿಸುತ್ತದೆ. ಓದುವಾಗ ಅದೇ ಸರ್ಕ್ಯೂಟ್ ಒಂಬತ್ತನ್ನೂ ಕೂಡಿ ನೋಡಿ, ಮೊತ್ತ ಸಮವಾಗಿ ಬಂದರೆ ತಪ್ಪಾಗಿದೆ ಎಂದು ಕೂಗುತ್ತದೆ. ಇದರಿಂದ ತಪ್ಪನ್ನು ತಿದ್ದಲು ಬರುವುದಿಲ್ಲ. ಒಂದೇ ಬೈಟ್‌ನಲ್ಲಿ ಎರಡು ಬಿಟ್ ಒಟ್ಟಿಗೆ ತಿರುಗಿಬಿದ್ದರೆ ಗೊತ್ತಾಗುವುದೂ ಇಲ್ಲ. ಇನ್ನೊಂದು ಸೂಕ್ಷ್ಮವಿದೆ: ಒಂಬತ್ತೂ ಒಂದುಗಳೇ ಆಗಿದ್ದರೆ ಮೊತ್ತ ಬೆಸವೇ. ಆದ್ದರಿಂದ ಏನೂ ಇಲ್ಲದ ಖಾಲಿ ಸಾಕೆಟ್‌ನಿಂದ ಓದಿದಾಗ, ಪುಲ್-ಅಪ್ ರೆಸಿಸ್ಟರ್‌ಗಳ ದೆಸೆಯಿಂದ ಎಲ್ಲ ಗೆರೆಗಳೂ ಮೇಲಕ್ಕೆ ಎಳೆಯಲ್ಪಟ್ಟಿದ್ದರೆ, ಪ್ಯಾರಿಟಿ ಪರೀಕ್ಷೆ ಅದನ್ನು ಸರಿ ಎಂದೇ ಒಪ್ಪಿಕೊಳ್ಳುತ್ತದೆ.

ಇಷ್ಟು ದುರ್ಬಲವಾದ ಕಾವಲಿಗೆ ಮೆಮೊರಿಯ ಒಂಬತ್ತನೆಯ ಒಂದು ಪಾಲನ್ನು ಏಕೆ ಮೀಸಲಿಟ್ಟರು ಎಂದು ನೀವು ಕೇಳಬಹುದು. 1978ರಲ್ಲಿ ಇಂಟೆಲ್‌ನ ತಿಮೋತಿ ಮೇ ಮತ್ತು ಮರ‍್ರೆ ವುಡ್ಸ್ ಅವರು, ಚಿಪ್‌ನ ಹೊದಿಕೆಯ ವಸ್ತುವಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಯುರೇನಿಯಂ ಮತ್ತು ಥೋರಿಯಂಗಳಿಂದ ಹೊಮ್ಮುವ ಆಲ್ಫಾ ಕಣಗಳು ಡೈನಾಮಿಕ್ ಮೆಮೊರಿಯ ಕೋಶದಲ್ಲಿರುವ ವಿದ್ಯುದಂಶವನ್ನು ಕೆಡಿಸಬಲ್ಲವು ಎಂದು ತೋರಿಸಿಕೊಟ್ಟರು. ಚಿಪ್ ಕೆಟ್ಟಿರುವುದಿಲ್ಲ, ಆದರೂ ಅದರೊಳಗಿನ ಬಿಟ್ ತಿರುಗಿರುತ್ತದೆ. ಮೂರು ವರ್ಷಗಳ ನಂತರ, 1981ರಲ್ಲಿ ಬಂದ ಐಬಿಎಂ ಪಿಸಿಯ ಮದರ್‌ಬೋರ್ಡ್‌ನಲ್ಲಿ ಪ್ರತಿ ಬ್ಯಾಂಕ್‌ಗೂ, ಅಂದರೆ ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಪ್ರತಿ ಸಾಲಿಗೂ, ಒಂಬತ್ತು ಚಿಪ್‌ಗಳಿದ್ದವು. ಲೆಕ್ಕಪತ್ರಕ್ಕೆಂದು ಮಾರಿದ ಯಂತ್ರ ತಪ್ಪು ಅಂಕಿಯನ್ನು ಮೌನವಾಗಿ ಡಿಸ್ಕಿಗೆ ಬರೆಯುವುದಕ್ಕಿಂತ ಅಲ್ಲಿಯೇ ನಿಂತುಬಿಡುವುದು ಮೇಲು ಎಂಬ ನಿಲುವು ಅದು. ನನಗೆ ಆ ನಿಲುವು ಇಂದಿಗೂ ಸರಿಯೆನಿಸುತ್ತದೆ.

ತಪ್ಪು ಸಿಕ್ಕಾಗ ನಡೆಯುವುದು ಇದು. ಪ್ಯಾರಿಟಿ ಸರ್ಕ್ಯೂಟ್ ಒಂದು ಲ್ಯಾಚನ್ನು, ಅಂದರೆ ತಪ್ಪಾಯಿತೆಂಬುದನ್ನು ಹಿಡಿದಿಟ್ಟುಕೊಳ್ಳುವ ಒಂದು ಬಿಟ್‌ನ ಗುರುತನ್ನು, ಏರಿಸುತ್ತದೆ. ಅದರಿಂದ ಪ್ರೊಸೆಸರ್‌ಗೆ ಎನ್‌ಎಂಐ, ಅಂದರೆ ಪ್ರೊಸೆಸರ್ ತಾನಾಗಿ ತಡೆಹಿಡಿಯಲಾಗದ ಅಡಚಣೆ ಸಂಕೇತ, ಹೋಗುತ್ತದೆ. ಬಯೋಸ್, ಅಂದರೆ ಮದರ್‌ಬೋರ್ಡ್‌ನ ಚಿಪ್‌ನಲ್ಲಿಯೇ ಇರುವ ಮೂಲ ತಂತ್ರಾಂಶ, ಸಂದೇಶವನ್ನು ಬರೆದು ಯಂತ್ರವನ್ನು ನಿಲ್ಲಿಸುತ್ತದೆ. ಐಬಿಎಂನ ಯಂತ್ರಗಳಲ್ಲಿ ‘ಪ್ಯಾರಿಟಿ ಚೆಕ್ 1’ ಎಂದರೆ ಮದರ್‌ಬೋರ್ಡ್ ಮೇಲಿನ ಮೆಮೊರಿ, ‘ಪ್ಯಾರಿಟಿ ಚೆಕ್ 2’ ಎಂದರೆ ವಿಸ್ತರಣಾ ಸ್ಲಾಟ್‌ನಲ್ಲಿರುವ ಕಾರ್ಡ್‌ನಿಂದ ಬಂದ ದೂರು. ಈ ಅಂಕೆಯನ್ನು ಗಮನಿಸದೆ ಮದರ್‌ಬೋರ್ಡ್‌ನ ಚಿಪ್‌ಗಳನ್ನೆಲ್ಲ ಕಿತ್ತು ಹಾಕಿದವರನ್ನು ನಾನು ನೋಡಿದ್ದೇನೆ. ದೂರು ಬಂದಿದ್ದು ಕಾರ್ಡ್‌ನಿಂದ. ಇನ್ನೊಂದು ಮಾತು: ಎನ್‌ಎಂಐ ಬಂದಾಗ ಪ್ರೊಸೆಸರ್ ಯಾವ ಆದೇಶವನ್ನು ನಡೆಸುತ್ತಿತ್ತೋ ಆ ವಿಳಾಸಕ್ಕೂ ಕೆಟ್ಟ ಮೆಮೊರಿಯ ವಿಳಾಸಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಅದಕ್ಕೇ ಐಬಿಎಂ ಪಿಸಿಯ ಮುಂದಿನ ಮಾದರಿಯಾದ ಎಕ್ಸ್‌ಟಿಯ ಬಯೋಸ್ ಸಂದೇಶ ಕೊಟ್ಟ ಮೇಲೆ ಮೆಮೊರಿಯನ್ನೆಲ್ಲ ಮತ್ತೊಮ್ಮೆ ಓದಿ ತಪ್ಪಿರುವ ಜಾಗವನ್ನು ಹುಡುಕುತ್ತದೆ. ಸಿಕ್ಕರೆ ವಿಳಾಸ ಬರೆಯುತ್ತದೆ, ಸಿಗದಿದ್ದರೆ ಐದು ಪ್ರಶ್ನಾರ್ಥಕ ಚಿಹ್ನೆಗಳನ್ನು ಹಾಕುತ್ತದೆ. ಆ ಪ್ರಶ್ನಾರ್ಥಕಗಳನ್ನು ಕಂಡು ಬೇಸರಪಡಬೇಡಿ, ಅವೂ ಮಾಹಿತಿಯೇ: ಎರಡನೆಯ ಸಲ ಓದಿದಾಗ ತಪ್ಪು ಕಾಣಲಿಲ್ಲ, ಆದ್ದರಿಂದ ಸತ್ತ ಕೋಶಕ್ಕಿಂತ ಸಡಿಲ ಸಂಪರ್ಕ, ವಿದ್ಯುತ್ ಪೂರೈಕೆ ಅಥವಾ ವೇಗದ ಹೊಂದಾಣಿಕೆಯನ್ನು ಮೊದಲು ಸಂಶಯಿಸಬೇಕು.

ಆನ್ ಮಾಡಿದಾಗಲೇ ಸಿಗುವ ತಪ್ಪಿನ ಸಂಖ್ಯೆ ಇದಕ್ಕಿಂತ ಹೆಚ್ಚು ಸ್ಪಷ್ಟವಾದದ್ದು. ಮೊದಲ ಪಿಸಿಯಲ್ಲಿ, ಅಂದರೆ 5150ರಲ್ಲಿ, 201 ಎಂಬ ಸಂಖ್ಯೆಗೆ ಮೊದಲು ನಾಲ್ಕು ಅಂಕೆಗಳು ಬರುತ್ತವೆ. ಮೊದಲೆರಡರಿಂದ ಬ್ಯಾಂಕ್ ತಿಳಿಯುತ್ತದೆ, ಕೊನೆಯೆರಡರಿಂದ ಬಿಟ್ ತಿಳಿಯುತ್ತದೆ. ಕೊನೆಯೆರಡು 01 ಆಗಿದ್ದರೆ ಸೊನ್ನೆಯ ಬಿಟ್, 02 ಆದರೆ ಒಂದನೆಯದು, 04 ಆದರೆ ಎರಡನೆಯದು, ಹೀಗೆ 80ರ ವರೆಗೆ. 05 ಬಂದರೆ ಎರಡು ಬಿಟ್‌ಗಳು ಒಟ್ಟಿಗೆ ಕೈಕೊಟ್ಟಿವೆ. ಕೊನೆಯೆರಡು 00 ಬಂದರೆ? ಎಂಟು ಬಿಟ್‌ಗಳೂ ಬರೆದಂತೆಯೇ ಓದಿ ಬಂದಿವೆ, ಆದರೂ ಪ್ಯಾರಿಟಿ ಲ್ಯಾಚ್ ಏರಿದೆ. ಅಂದರೆ ತಪ್ಪು ಒಂಬತ್ತನೆಯ ಚಿಪ್‌ನದು, ಅಥವಾ ಪ್ಯಾರಿಟಿ ಲೆಕ್ಕ ಹಾಕುವ ಸರ್ಕ್ಯೂಟ್‌ನದು. ಇವೆರಡನ್ನು ಬೇರ್ಪಡಿಸುವುದು ಸುಲಭ. 5150ರಲ್ಲಿ ಮೊದಲ ಬ್ಯಾಂಕ್ ಬೆಸುಗೆ ಹಾಕಿದ್ದು, ಉಳಿದ ಮೂರು ಬ್ಯಾಂಕ್‌ಗಳು ಸಾಕೆಟ್‌ನಲ್ಲಿರುತ್ತವೆ. ಸಾಕೆಟ್ ಇರುವ ಬ್ಯಾಂಕ್ ಆದರೆ ಪ್ಯಾರಿಟಿ ಚಿಪ್ಪನ್ನೂ ಸೊನ್ನೆಯ ಬಿಟ್‌ನ ಚಿಪ್ಪನ್ನೂ ಅದಲುಬದಲು ಮಾಡಿ. 00 ಇದ್ದದ್ದು 01ಕ್ಕೆ ತಿರುಗಿದರೆ ಚಿಪ್ ಕೆಟ್ಟಿದೆ. 00 ಹಾಗೆಯೇ ಉಳಿದರೆ ಚಿಪ್ ನಿರಪರಾಧಿ. ಸಾಕೆಟ್, ಗೆರೆ ಅಥವಾ 280 ಚಿಪ್ ಕಡೆಗೆ ನೋಡಿ. ಎಲ್ಲ ಬ್ಯಾಂಕ್‌ಗಳಲ್ಲೂ 00 ಬರುತ್ತಿದ್ದರೆ ನಾನಂತೂ ಮೆಮೊರಿ ಚಿಪ್‌ಗಳನ್ನು ಮುಟ್ಟುವ ಮೊದಲು 280 ಮತ್ತು ಅದರ ಸುತ್ತಲಿನ ಸರ್ಕ್ಯೂಟನ್ನು ಪರೀಕ್ಷಿಸುತ್ತೇನೆ.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಮೆಮೊರಿ ಪರೀಕ್ಷೆಯ ತಂತ್ರಾಂಶ ಬರೆದವರೂ ಇದರಲ್ಲಿ ಎಡವಬಹುದು. ಮೆಮೊರಿ ಪರೀಕ್ಷೆಗೆ ಎಲ್ಲರೂ ಬಳಸುವ ನಾಲ್ಕು ಮಾದರಿಗಳು ಯಾವುವು? ಹದಿನಾರರ ಪದ್ಧತಿಯಲ್ಲಿ 00, ಎಫ್‌ಎಫ್, 55, ಎಎ. ಇವುಗಳಲ್ಲಿರುವ ಒಂದುಗಳನ್ನು ಎಣಿಸಿ. ಮೊದಲನೆಯದರಲ್ಲಿ ಒಂದೂ ಇಲ್ಲ, ಎರಡನೆಯದರಲ್ಲಿ ಎಂಟು, 55 ಮತ್ತು ಎಎಗಳಲ್ಲಿ ನಾಲ್ಕು ನಾಲ್ಕು. ನಾಲ್ಕೂ ಸಮ ಸಂಖ್ಯೆಗಳು. ಹಾಗಾಗಿ ನಾಲ್ಕೂ ಸಲ ಪ್ಯಾರಿಟಿ ಚಿಪ್‌ಗೆ ಹೋಗುವುದು ಒಂದೇ ಬೆಲೆ, ಅಂದರೆ ಒಂದು. ಪ್ಯಾರಿಟಿ ಚಿಪ್‌ನ ಕೋಶವೊಂದು ಒಂದರಲ್ಲಿಯೇ ಸಿಕ್ಕಿಹಾಕಿಕೊಂಡಿದ್ದರೂ ಈ ನಾಲ್ಕು ಮಾದರಿಗಳಲ್ಲಿ ಅದು ತೇರ್ಗಡೆಯಾಗುತ್ತದೆ. ರಾತ್ರಿಯಿಡೀ ಪರೀಕ್ಷೆ ಓಡಿಸಿದರೂ ಅಷ್ಟೇ. ಐಬಿಎಂನವರಿಗೆ ಇದು ಗೊತ್ತಿತ್ತು: ಅವರ ಬಯೋಸ್‌ನ ಪರೀಕ್ಷೆಯಲ್ಲಿ ಈ ನಾಲ್ಕರ ಜೊತೆ 01 ಎಂಬ ಐದನೆಯ ಮಾದರಿಯೂ ಇದೆ, ಒಂದೇ ಒಂದು ಬಿಟ್ ಏರಿರುವ, ಪ್ಯಾರಿಟಿಗೆ ಸೊನ್ನೆ ಬರೆಸುವ ಮಾದರಿ. ನೀವು ಬಳಸುವ ಪರೀಕ್ಷಾ ತಂತ್ರಾಂಶದಲ್ಲಿ ಬೆಸ ಸಂಖ್ಯೆಯ ಒಂದುಗಳಿರುವ ಮಾದರಿ ಇದೆಯೇ ಎಂದು ನೋಡಿಕೊಳ್ಳಿ. ಅಷ್ಟೇ ಮುಖ್ಯವಾಗಿ, ಪರೀಕ್ಷೆಯ ಹೊತ್ತಿನಲ್ಲಿ ಎನ್‌ಎಂಐ ತೆರೆದಿದೆಯೇ, ಅಥವಾ ಆ ತಂತ್ರಾಂಶ ಪ್ಯಾರಿಟಿ ಲ್ಯಾಚನ್ನು ತಾನೇ ಓದುತ್ತದೆಯೇ ಎಂಬುದನ್ನೂ ತಿಳಿದುಕೊಳ್ಳಿ. ಒಂಬತ್ತನೆಯ ಬಿಟ್ ಪ್ರೊಸೆಸರ್‌ನ ಡೇಟಾ ಗೆರೆಗಳಿಗೆ ಬರುವುದೇ ಇಲ್ಲ. ಲ್ಯಾಚ್ ಹೊರತು ಅದನ್ನು ತಿಳಿಯಲು ತಂತ್ರಾಂಶಕ್ಕೆ ಬೇರೆ ದಾರಿಯಿಲ್ಲ.

ಚಿಪ್‌ಗಳಲ್ಲದ ಕಾರಣಗಳನ್ನು ಬೇಗ ದಾಟುತ್ತೇನೆ, ಆದರೆ ಬಿಡುವಂತಿಲ್ಲ. ಮಾಡ್ಯೂಲ್‌ನ ಪಿನ್‌ಗಳ ಬಳಿಯೇ ವೋಲ್ಟೇಜ್ ಅಳೆಯಿರಿ. 5 ವೋಲ್ಟ್ ಗೆರೆ 4.75ಕ್ಕಿಂತ ಕೆಳಗಿದ್ದರೆ ಚಿಪ್ ಬದಲಿಸಿ ಪ್ರಯೋಜನವಿಲ್ಲ. 4116 ಬಗೆಯ 16ಕೆ ಚಿಪ್‌ಗಳಿರುವ ಮೊದಲ ಕಾಲದ ಬೋರ್ಡ್‌ಗಳಿಗೆ ಪ್ಲಸ್ 12, ಪ್ಲಸ್ 5, ಮೈನಸ್ 5 ಮೂರೂ ಬೇಕು, ಮೈನಸ್ 5 ಇಲ್ಲದೆ ಉಳಿದವು ಬಂದರೆ ಚಿಪ್‌ಗಳೇ ಸುಡುತ್ತವೆ. ತವರದ ಲೇಪವಿರುವ ಮಾಡ್ಯೂಲನ್ನು ಚಿನ್ನದ ಲೇಪವಿರುವ ಸಾಕೆಟ್‌ಗೆ ಹಾಕಿ ವರ್ಷಗಟ್ಟಲೆ ಬಿಟ್ಟರೆ ಸಂಪರ್ಕದ ಜಾಗದಲ್ಲಿ ಆಕ್ಸೈಡ್ ಪದರ ಕೂತು, ತೆಗೆದು ಮತ್ತೆ ಹಾಕಿದಾಗ ಕೆಲವು ವಾರ ಸರಿಯಾಗಿ, ಮತ್ತೆ ಕೆಡುವ ವಿಚಿತ್ರ ರೋಗ ಬರುತ್ತದೆ. ಇನ್ನು, ಆನ್ ಮಾಡಿದ ಕ್ಷಣದಲ್ಲಿ ಡೈನಾಮಿಕ್ ಮೆಮೊರಿಯಲ್ಲಿ ಏನಿರುತ್ತದೆಂದು ಹೇಳಲಾಗದು. ಒಮ್ಮೆ ಬರೆದ ಮೇಲೆಯೇ ಪ್ಯಾರಿಟಿ ಸರಿಹೊಂದುತ್ತದೆ. ಬಯೋಸ್‌ಗೆ ತಿಳಿಯದ ಮೆಮೊರಿಯನ್ನು ಕಾರ್ಡ್‌ನಲ್ಲಿ ಸೇರಿಸಿದರೆ ಅದನ್ನು ಯಾರೂ ಬರೆದು ಸಿದ್ಧಗೊಳಿಸಿರುವುದಿಲ್ಲ. ಯಾವುದೋ ಪ್ರೋಗ್ರಾಂ ಅದನ್ನು ಬರೆಯದೆ ಓದಿದ ಕೂಡಲೇ ‘ಪ್ಯಾರಿಟಿ ಚೆಕ್ 2’. ಇದಕ್ಕೆ ಒಳ್ಳೆಯ ಉದಾಹರಣೆ 5150ರಲ್ಲೇ ಇದೆ: ಅದರ ಮೊದಲೆರಡು ಬಯೋಸ್‌ಗಳು 544 ಕೆಬಿಯ ಆಚೆಗಿನ ಮೆಮೊರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ, 640 ಕೆಬಿಗೆ 1982ರ ಅಕ್ಟೋಬರ್ 27ರ ದಿನಾಂಕವಿರುವ ಬಯೋಸ್ ಬೇಕಾಯಿತು.

ಈಗ ನಕಲಿಯ ಕಥೆಗೆ ಬರೋಣ. 1993ರ ಜುಲೈನಲ್ಲಿ ಜಪಾನಿನ ನೀಹಾಮಾದಲ್ಲಿದ್ದ ಸುಮಿಟೊಮೊ ಕೆಮಿಕಲ್ ಕಾರ್ಖಾನೆಯಲ್ಲಿ ಸ್ಫೋಟವಾಯಿತು. ಚಿಪ್‌ಗಳ ಕಪ್ಪು ಹೊದಿಕೆಗೆ ಬೇಕಾದ ಎಪಾಕ್ಸಿ ರಾಳದಲ್ಲಿ ಜಗತ್ತಿನ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು. ಕೊರತೆಯ ಭಯಕ್ಕೆ ಮೆಮೊರಿ ಬೆಲೆ ಜಿಗಿಯಿತು. ನಕಲಿಗೆಲ್ಲ ಆ ಸ್ಫೋಟವೇ ಕಾರಣ ಎಂದು ನಾನು ಹೇಳಲಾರೆ. ಆದರೆ ಮೆಮೊರಿ ದುಬಾರಿಯಾಗಿದ್ದ ಆ ವರ್ಷಗಳಲ್ಲಿ, ಒಂಬತ್ತು ಚಿಪ್‌ನ ಬೆಲೆ ಪಡೆದು ಎಂಟು ಚಿಪ್ ಕೊಡುವ ವ್ಯಾಪಾರ ಎಷ್ಟು ಲಾಭದ್ದಾಗಿತ್ತು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಂಬತ್ತನೆಯ ಜಾಗದಲ್ಲಿ ಮೆಮೊರಿಯ ಬದಲು ಕೆಲವೇ ಗೇಟ್‌ಗಳಿರುವ ಅಗ್ಗದ ಚಿಪ್ ಕೂತಿತು. ನ್ಯಾಯವಾಗಿ ಹೇಳಬೇಕೆಂದರೆ, ಕೆಲವರು ಇದನ್ನು ‘ಲಾಜಿಕ್ ಪ್ಯಾರಿಟಿ’ ಎಂದು ಹೆಸರಿಟ್ಟು, ಪ್ಯಾರಿಟಿ ಇಲ್ಲದೆ ಆನ್ ಆಗದ ಯಂತ್ರಗಳಿಗೆ ಅಗ್ಗದ ಉಪಾಯವೆಂದು ಬಹಿರಂಗವಾಗಿಯೇ ಮಾರಿದರು. ತಕರಾರು ಇರುವುದು ಅದನ್ನು ನಿಜವಾದ ಪ್ಯಾರಿಟಿ ಎಂದು ಮಾರಿದವರ ಮೇಲೆ.

ಆ ಚಿಪ್ ಏನು ಮಾಡುತ್ತದೆ? ಬರೆಯುವಾಗ ಬಂದ ಪ್ಯಾರಿಟಿ ಬಿಟ್ಟನ್ನು ಅದು ಎಸೆದುಬಿಡುತ್ತದೆ. ಓದುವಾಗ ಪಕ್ಕದ ಚಿಪ್‌ಗಳಿಂದ ಹೊರಬರುತ್ತಿರುವ ಎಂಟು ಬಿಟ್‌ಗಳನ್ನು ನೋಡಿ, ಅವಕ್ಕೆ ಹೊಂದುವ ಒಂಬತ್ತನೆಯದನ್ನು ಅಲ್ಲಿಯೇ ತಯಾರಿಸಿ ಕೊಡುತ್ತದೆ. ನಿನ್ನೆಯ ಖಾತೆಯ ಮೊತ್ತದೊಂದಿಗೆ ಇಂದಿನದನ್ನು ತಾಳೆ ನೋಡು ಎಂದರೆ, ತಿದ್ದಿದ ಖಾತೆಯನ್ನೇ ಮತ್ತೆ ಕೂಡಿ, ಆ ಮೊತ್ತವನ್ನೇ ನಿನ್ನೆಯದೆಂದು ತೋರಿಸುವ ಗುಮಾಸ್ತನಂತೆ ಇದು. ಮೆಮೊರಿಯಲ್ಲಿ ಬಿಟ್ ತಿರುಗಿದ್ದರೂ, ಚಿಪ್ಪೇ ಸತ್ತಿದ್ದರೂ, ಬಂದ ಎಂಟು ಬಿಟ್‌ಗಳಿಗೆ ಪ್ಯಾರಿಟಿ ಸರಿಯಾಗಿಯೇ ಇರುತ್ತದೆ. ಮಾಡ್ಯೂಲ್ ಮತ್ತು ಮದರ್‌ಬೋರ್ಡ್ ನಡುವಿನ ಸಂಪರ್ಕ ಕೆಟ್ಟರೆ ಮಾತ್ರ ಅಪರೂಪಕ್ಕೆ ತಪ್ಪು ಸಿಗಬಹುದು. ನಾನು ಆರಂಭದಲ್ಲಿ ಹೇಳಿದ ರಿಪೇರಿಯನ್ನು ಈಗ ಇನ್ನೊಮ್ಮೆ ಯೋಚಿಸಿ: ಅಸಲಿ ಪ್ಯಾರಿಟಿಯಿದ್ದ ಮಾಡ್ಯೂಲ್ ತನ್ನಲ್ಲಿ ತಪ್ಪಿದೆ ಎಂದು ಪ್ರಾಮಾಣಿಕವಾಗಿ ಹೇಳಿತು, ಅದನ್ನು ತೆಗೆದು, ಹೇಳಲಾರದ್ದನ್ನು ಹಾಕಿ ನಾವು ಮುಚ್ಚಳ ಮುಚ್ಚಿದೆವು. ಹೊಸದಾಗಿ ಹಾಕಿದ್ದು ಚೆನ್ನಾಗಿಯೇ ಇರಬಹುದು. ಆದರೆ ಅದು ಚೆನ್ನಾಗಿದೆ ಎಂಬುದಕ್ಕೆ ನಮ್ಮ ಬಳಿ ಯಾವ ಆಧಾರವೂ ಇಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಮೊದಲು ಕಣ್ಣಿನಿಂದ. ಒಂದು ಎಂಬಿಯ 30 ಪಿನ್ ಮಾಡ್ಯೂಲ್‌ನಲ್ಲಿ ಒಂಬತ್ತೂ ಒಂದೇ ಬಗೆಯ 511000 ವರ್ಗದ ಚಿಪ್‌ಗಳಾಗಿದ್ದು, ಒಂಬತ್ತರ ಮೇಲೂ ಒಂದೇ ತಯಾರಕರ ಗುರುತು, ಹತ್ತಿರದ ದಿನಾಂಕ ಸಂಕೇತ ಇದ್ದರೆ ಬಹುತೇಕ ನೆಮ್ಮದಿ. ಒಂಬತ್ತನೆಯದರ ಮೇಲೆ ಮಾತ್ರ ಬೇರೆ ಅಚ್ಚು, ಬಿಪಿ, ವಿಟಿ, ಜಿಎಸ್‌ಎಂ, ಎಂಪಿಇಸಿ ಮುಂತಾದ ಅಕ್ಷರಗಳಿದ್ದರೆ ಸಂಶಯಪಡಿ. ಕಣ್ಣಿನ ಪರೀಕ್ಷೆಗೆ ಮಿತಿಗಳಿವೆ, ಎರಡೂ ದಿಕ್ಕಿನಲ್ಲಿ. ಮೂರೇ ಚಿಪ್ ಇರುವ ಒಂದು ಎಂಬಿ ಮಾಡ್ಯೂಲ್ ಕಂಡ ಕೂಡಲೇ ನಕಲಿ ಎನ್ನುವವರಿದ್ದಾರೆ, ಅದು ತಪ್ಪು. ನಾಲ್ಕು ಬಿಟ್ ಅಗಲದ ಎರಡು, ಒಂದು ಬಿಟ್ ಅಗಲದ ಒಂದು, ಒಟ್ಟು ಒಂಬತ್ತು ಬಿಟ್ ಸರಿಯಾಗಿಯೇ ಆಯಿತು. ಅಂಥದ್ದು ಕೆಲವು ಹಳೆಯ ಬೋರ್ಡ್‌ಗಳಲ್ಲಿ ತಪ್ಪು ತೋರಿಸುವುದಕ್ಕೆ ಕಾರಣ ಬೇರೆ: ಒಂದು ಬಿಟ್ ಅಗಲದ ಒಂದು ಮೆಗಾಬಿಟ್ ಚಿಪ್‌ಗೆ 8 ಮಿಲಿಸೆಕೆಂಡಿನಲ್ಲಿ 512 ರಿಫ್ರೆಶ್‌ಗಳು (ಕೋಶಗಳಿಂದ ಸೋರುವ ವಿದ್ಯುದಂಶವನ್ನು ಮತ್ತೆ ತುಂಬುವ ಕ್ರಿಯೆ) ಸಾಕು, ನಾಲ್ಕು ಬಿಟ್ ಅಗಲದ್ದಕ್ಕೆ 16 ಮಿಲಿಸೆಕೆಂಡಿನಲ್ಲಿ 1024 ಬೇಕು. 512 ಸಾಲುಗಳ ವಿಳಾಸವನ್ನಷ್ಟೇ ಕೊಡುವ ಹಳೆಯ ಕಂಟ್ರೋಲರ್ ಅರ್ಧ ಸಾಲುಗಳನ್ನು ರಿಫ್ರೆಶ್ ಮಾಡದೆಯೇ ಬಿಡುತ್ತದೆ. ಮಾಡ್ಯೂಲ್ ಅಸಲಿ, ಪ್ಯಾರಿಟಿ ಅಸಲಿ, ತಪ್ಪು ಕೂಡ ಅಸಲಿ. ಜೋಡಿ ಮಾತ್ರ ಹೊಂದಲಿಲ್ಲ.

ಕಣ್ಣು ಸೋತಲ್ಲಿ ಮಲ್ಟಿಮೀಟರ್ ಗೆಲ್ಲುತ್ತದೆ. 30 ಪಿನ್ ಮಾಡ್ಯೂಲ್‌ನಲ್ಲಿ ಒಂದು ಅನುಕೂಲವಿದೆ: ಪ್ಯಾರಿಟಿಗೆ ಒಳಬರುವ ಮತ್ತು ಹೊರಹೋಗುವ ದಾರಿಗಳು ಬೇರೆ ಬೇರೆ. 26ನೆಯ ಪಿನ್ ಪ್ಯಾರಿಟಿ ಹೊರಹೋಗುವ ದಾರಿ, 29ನೆಯದು ಒಳಬರುವ ದಾರಿ, 28ನೆಯದು ಪ್ಯಾರಿಟಿ ಚಿಪ್‌ನದೇ ಆದ ಕಾಲಂ ಸಂಕೇತ (ವಿಳಾಸದ ಕಾಲಂ ಭಾಗ ಬಂದಿದೆ ಎಂದು ಚಿಪ್‌ಗೆ ತಿಳಿಸುವ ಗೆರೆ). ಡೇಟಾ ಬಿಟ್‌ಗಳು 3, 6, 10, 13, 16, 20, 23 ಮತ್ತು 25ನೆಯ ಪಿನ್‌ಗಳಲ್ಲಿವೆ. ಮೀಟರನ್ನು ಕಂಟಿನ್ಯೂಟಿಗೆ ಇಟ್ಟು, ಒಂದು ಮೊನೆಯನ್ನು 29ನೆಯ ಪಿನ್ ಮೇಲಿಟ್ಟು, ಇನ್ನೊಂದನ್ನು ಸಂಶಯವಿರುವ ಚಿಪ್‌ನ ಕಾಲುಗಳ ಮೇಲೆ ಒಂದೊಂದಾಗಿ ಎಳೆಯಿರಿ. ಅಸಲಿಯಾದರೆ ಒಂದು ಕಾಲಿನಲ್ಲಿ ಬೀಪ್ ಬರಲೇಬೇಕು, ಏಕೆಂದರೆ ಸಂಗ್ರಹಿಸಬೇಕಾದ ಬಿಟ್ ಅಲ್ಲಿಂದಲೇ ಒಳಗೆ ಹೋಗಬೇಕು. ಲೆಕ್ಕ ಹಾಕುವ ಚಿಪ್‌ಗೆ ಅದರ ಅಗತ್ಯವಿಲ್ಲ, ಆದ್ದರಿಂದ 29ನೆಯ ಪಿನ್ ಎಲ್ಲಿಗೂ ಹೋಗದೆ ನಿಂತಿರಬಹುದು. ಆದರೆ ಅದನ್ನು ತೋರಿಕೆಗೆ ಜೋಡಿಸಿಡಲೂ ಸಾಧ್ಯ. ಹಾಗಾಗಿ ನಿರ್ಣಾಯಕವಾದದ್ದು ಎರಡನೆಯ ಅಳತೆ. ಮೊನೆಯನ್ನು 3ನೆಯ ಪಿನ್‌ಗೆ ತನ್ನಿ, ಆಮೇಲೆ 6ಕ್ಕೆ, 10ಕ್ಕೆ. ಒಂಬತ್ತು ಚಿಪ್‌ನ ಅಸಲಿ ಮಾಡ್ಯೂಲ್‌ನಲ್ಲಿ ಪ್ಯಾರಿಟಿ ಚಿಪ್‌ಗೂ ಈ ಡೇಟಾ ಪಿನ್‌ಗಳಿಗೂ ಯಾವ ಸಂಬಂಧವೂ ಇರಬಾರದು. ಎಂಟೂ ಡೇಟಾ ಗೆರೆಗಳು ಬಂದು ಆ ಒಂದೇ ಚಿಪ್‌ಗೆ ಸೇರುತ್ತಿದ್ದರೆ ಮೇಲಿನ ಅಚ್ಚು ಏನೇ ಹೇಳಲಿ, ಅದು ಮೆಮೊರಿಯಲ್ಲ.

72 ಪಿನ್ ಮಾಡ್ಯೂಲ್‌ಗಳಲ್ಲಿ ಪ್ಯಾರಿಟಿ ಪಿನ್‌ಗಳು 35ರಿಂದ 38ರ ವರೆಗೆ ನಾಲ್ಕು. ಒಳಹೊರಗಿನ ದಾರಿಗಳು ಇಲ್ಲಿ ಒಂದೇ ಪಿನ್‌ನಲ್ಲಿ ಸೇರಿರುವುದರಿಂದ ಮೊದಲ ಅಳತೆ ನಡೆಯುವುದಿಲ್ಲ, ಎರಡನೆಯದು ನಡೆಯುತ್ತದೆ. 2ರಿಂದ 9ರ ವರೆಗಿನ ಪಿನ್‌ಗಳೆಲ್ಲ ಡೇಟಾ ಗೆರೆಗಳೇ, ಅಲ್ಲಿಂದ ಸಂಶಯವಿರುವ ಚಿಪ್‌ಗೆ ದಾರಿ ಇದೆಯೇ ನೋಡಿದರೆ ಸಾಕು. ಚಿಪ್‌ಗಳ ಎಣಿಕೆಯನ್ನು ಮಾತ್ರ ನೆಚ್ಚಬೇಡಿ. ನಾಲ್ಕು ಎಂಬಿಯ ಮಾಮೂಲಿ ಪ್ಯಾರಿಟಿ ಮಾಡ್ಯೂಲ್‌ನಲ್ಲಿ ಎಂಟು ಡೇಟಾ ಚಿಪ್, ನಾಲ್ಕು ಪ್ಯಾರಿಟಿ ಚಿಪ್, ಒಟ್ಟು ಹನ್ನೆರಡು. ಆದರೆ ನಾಲ್ಕು ಪ್ರತ್ಯೇಕ ಕಾಲಂ ಸಂಕೇತಗಳಿರುವ ವಿಶೇಷ ಚಿಪ್ ಒಂದನ್ನೇ ಹಾಕಿ ಒಂಬತ್ತು ಚಿಪ್‌ಗಳಲ್ಲಿ ಅಸಲಿ ಪ್ಯಾರಿಟಿ ಕೊಟ್ಟ ಮಾಡ್ಯೂಲ್‌ಗಳೂ ಇವೆ. ಎಂಟರ ಪಕ್ಕದಲ್ಲಿ ಒಂಟಿ ಚಿಪ್ ಕಂಡ ಮಾತ್ರಕ್ಕೆ ಅಂಥದ್ದನ್ನು ಕಸಕ್ಕೆ ಹಾಕಿದರೆ ನಷ್ಟ ನಿಮ್ಮದೇ.

ನಕಲಿ ಹಿಡಿಯಲು ನನಗೆ ತುಂಬ ಇಷ್ಟವಾದ ದಾರಿ ಮೀಟರ್ ಅಲ್ಲ, ಇಂಟೆಲ್‌ನ 430ಎಚ್‌ಎಕ್ಸ್ ಚಿಪ್‌ಸೆಟ್ ಇರುವ ಪೆಂಟಿಯಂ ಬೋರ್ಡ್. ಅದರ ಹಿಂದಿನ 430ಎಫ್‌ಎಕ್ಸ್‌ನಲ್ಲಿ ಪ್ಯಾರಿಟಿಯೇ ಇಲ್ಲ. ಎಚ್‌ಎಕ್ಸ್‌ನಲ್ಲಿ ಪ್ಯಾರಿಟಿಯೂ ಇದೆ, ತಪ್ಪು ತಿದ್ದುವ ಇಸಿಸಿಯೂ ಇದೆ. ಎರಡು 36 ಬಿಟ್ ಮಾಡ್ಯೂಲ್‌ಗಳನ್ನು ಜೋಡಿಯಾಗಿ ಹಾಕಿದಾಗ 64 ಬಿಟ್ ಡೇಟಾ ಹೋಗಿ ಎಂಟು ಬಿಟ್ ಉಳಿಯುತ್ತವೆ. ಇಸಿಸಿ ಆನ್ ಮಾಡಿದರೆ ಆ ಎಂಟರಲ್ಲಿ ಬರೆಯುವುದು ಬೈಟ್‌ಗೊಂದರಂತೆ ಪ್ಯಾರಿಟಿಯನ್ನಲ್ಲ, ಇಡೀ 64 ಬಿಟ್‌ಗೆ ಲೆಕ್ಕ ಹಾಕಿದ ಬೇರೆಯೇ ಸಂಕೇತವನ್ನು. ಅಸಲಿ ಮಾಡ್ಯೂಲ್‌ಗೆ ಇದರ ಪರಿವೆಯಿಲ್ಲ, ಕೊಟ್ಟದ್ದನ್ನು ಇಟ್ಟುಕೊಂಡು ಕೊಟ್ಟಂತೆಯೇ ಮರಳಿಸುತ್ತದೆ. ಲೆಕ್ಕ ಹಾಕುವ ಮಾಡ್ಯೂಲ್ ಮಾತ್ರ ತನಗೆ ಗೊತ್ತಿರುವ ಬೈಟ್ ಪ್ಯಾರಿಟಿಯನ್ನೇ ಕೊಡುತ್ತದೆ, ಸಂಕೇತ ತಾಳೆಯಾಗದೆ ಆನ್ ಮಾಡಿದ ಕೂಡಲೇ ಸಿಕ್ಕಿಬೀಳುತ್ತದೆ. ಬೋರ್ಡ್ ತಯಾರಕರು ಆ ಎಂಟು ಗೆರೆಗಳನ್ನು ಸಾಕೆಟ್ ವರೆಗೆ ಎಳೆದಿರಬೇಕು, ಬಯೋಸ್‌ನಲ್ಲಿ ಆಯ್ಕೆ ಇರಬೇಕು ಎಂಬುದಷ್ಟೇ ಷರತ್ತು. ಪ್ಯಾರಿಟಿ ಇರುವುದು ಖಚಿತವಾಗಿರುವ ಒಂದು ಜೋಡಿಯಿಂದ ಮೊದಲು ಬೋರ್ಡನ್ನೇ ಪರೀಕ್ಷಿಸಿಕೊಳ್ಳಿ.

ಅಂಥ ಬೋರ್ಡ್ ಇಲ್ಲದೆ, ಎಕ್ಸ್‌ಟಿಯಲ್ಲಿಯೇ ತಂತ್ರಾಂಶದಿಂದ ಕಂಡುಹಿಡಿಯಲಾಗದೇ ಎಂದು ನಿಮ್ಮಲ್ಲೊಬ್ಬರು ವಿರಾಮದಲ್ಲಿ ಕೇಳಿದರು. ಸಾಧ್ಯವಿದೆ, ಸ್ವಲ್ಪ ಸಾಹಸ ಬೇಕು. ಬೇಕೆಂದೇ ತಪ್ಪು ಪ್ಯಾರಿಟಿ ಬರೆಯಲು ಯಂತ್ರ ಬಿಡುವುದಿಲ್ಲ. ಆದರೆ ಬರೆದದ್ದು ಕೊಳೆಯುವಂತೆ ಮಾಡಬಹುದು. ಎಕ್ಸ್‌ಟಿಯಲ್ಲಿ ಮೆಮೊರಿಯ ರಿಫ್ರೆಶ್ ನಡೆಯುವುದು ಟೈಮರ್‌ನ ಒಂದನೆಯ ಚಾನೆಲ್‌ನಿಂದ: ಅದು ಗಡಿಯಾರದ ಬಡಿತವನ್ನು 18ರಿಂದ ಭಾಗಿಸಿ ಸುಮಾರು 15 ಮೈಕ್ರೋಸೆಕೆಂಡಿಗೊಮ್ಮೆ ಡಿಎಂಎಯನ್ನು (ಪ್ರೊಸೆಸರ್ ನೆರವಿಲ್ಲದೆ ಮೆಮೊರಿಯನ್ನು ಓದುವ ಸರ್ಕ್ಯೂಟ್) ಎಬ್ಬಿಸುತ್ತದೆ. ಆ ಚಾನೆಲ್‌ಗೆ ನಿಯಂತ್ರಣ ಪದ ಬರೆದು, ಎಣಿಕೆಯ ಸಂಖ್ಯೆ ಕೊಡದೆ ಬಿಟ್ಟರೆ ಅದು ಕಾಯುತ್ತ ನಿಲ್ಲುತ್ತದೆ, ರಿಫ್ರೆಶ್ ನಿಲ್ಲುತ್ತದೆ, ಕೋಶಗಳ ವಿದ್ಯುದಂಶ ಸೋರತೊಡಗುತ್ತದೆ. ಕೊಠಡಿಯ ಉಷ್ಣತೆಯಲ್ಲಿ ಚಿಪ್‌ಗಳು ಸೆಕೆಂಡುಗಟ್ಟಲೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ತಡೆದುಕೊಳ್ಳುತ್ತವೆ, ಆದ್ದರಿಂದ ಧಾರಾಳವಾಗಿ ಕಾಯಿರಿ. ಆಮೇಲೆ ರಿಫ್ರೆಶ್ ಮರಳಿ ಆರಂಭಿಸಿ ಓದಿ. ಈ ಪ್ರೋಗ್ರಾಂ ಕೊಳೆಯುತ್ತಿರುವ ಮೆಮೊರಿಯಲ್ಲೇ ಕೂತಿರಬಾರದು. ಅದನ್ನು ಡಿಸ್‌ಪ್ಲೇ ಕಾರ್ಡ್‌ನ ಮೆಮೊರಿಗೆ ನಕಲಿಸಿ ಅಲ್ಲಿಂದ ನಡೆಸಿ, ಎಲ್ಲ ಅಡಚಣೆಗಳನ್ನೂ ಮುಚ್ಚಿಡಿ. ಎನ್‌ಎಂಐಯನ್ನೂ ಎ0 ಪೋರ್ಟ್‌ನಿಂದ ಮುಚ್ಚಬೇಕು, ಏಕೆಂದರೆ ಅದರ ವಿಳಾಸವಿರುವ ಕೋಷ್ಟಕವೂ ಕೊಳೆತಿರುತ್ತದೆ. ಎನ್‌ಎಂಐ ಮುಚ್ಚಿದರೂ ಲ್ಯಾಚ್ ಕೆಲಸ ಮಾಡುತ್ತಿರುತ್ತದೆ. ಎಕ್ಸ್‌ಟಿಯಲ್ಲಿ 62ನೆಯ ಪೋರ್ಟ್‌ನ ಏಳನೆಯ ಬಿಟ್ ಮದರ್‌ಬೋರ್ಡ್‌ನದು, ಆರನೆಯದು ಕಾರ್ಡ್‌ಗಳದು. ಡೇಟಾ ಕೆಟ್ಟಿದ್ದು ಲ್ಯಾಚ್ ಏರಿದ್ದರೆ ಪ್ಯಾರಿಟಿ ಅಸಲಿ. ಬೈಟ್‌ಗಳು ರಾಶಿರಾಶಿಯಾಗಿ ಕೆಟ್ಟು ಹೋಗಿದ್ದರೂ ಲ್ಯಾಚ್ ಒಮ್ಮೆಯೂ ಏರದಿದ್ದರೆ ಉತ್ತರ ನಿಮಗೇ ಗೊತ್ತು. ತಮ್ಮದೇ ರೀತಿಯಲ್ಲಿ ರಿಫ್ರೆಶ್ ನಡೆಸುವ ಮುಂದಿನ ಪೀಳಿಗೆಯ ಚಿಪ್‌ಸೆಟ್‌ಗಳಲ್ಲಿ ಈ ಉಪಾಯ ನಡೆಯಬೇಕೆಂದಿಲ್ಲ.

ಇಲ್ಲಿಯವರೆಗೆ ನಕಲಿ ಮಾಡ್ಯೂಲ್ ಮೌನವಾಗಿರುತ್ತದೆ ಎಂದೆ. ಅದಕ್ಕೆ ಅಪವಾದವೂ ಇದೆ, ಅದು ಇನ್ನಷ್ಟು ದಿಕ್ಕುತಪ್ಪಿಸುತ್ತದೆ. ಲೆಕ್ಕ ಹಾಕುವ ಚಿಪ್ ಡೇಟಾ ಹೊರಬರುವ ತನಕ ಕಾದು, ಆಮೇಲೆ ತನ್ನ ಗೇಟ್‌ಗಳ ಮೂಲಕ ಲೆಕ್ಕ ಮಾಡಬೇಕು. ಹಾಗಾಗಿ ಒಂಬತ್ತನೆಯ ಬಿಟ್ ಉಳಿದ ಎಂಟಕ್ಕಿಂತ ಯಾವಾಗಲೂ ತುಸು ತಡವಾಗಿ ಬರುತ್ತದೆ. ನಿಧಾನದ ಬೋರ್ಡ್‌ನಲ್ಲಿ ಅದು ನಡೆದುಹೋಗುತ್ತದೆ. ವೇಟ್ ಸ್ಟೇಟ್‌ಗಳನ್ನು (ಮೆಮೊರಿಗಾಗಿ ಪ್ರೊಸೆಸರ್ ಕಾಯುವ ಹೆಚ್ಚುವರಿ ಬಡಿತಗಳು) ಕಡಿಮೆ ಮಾಡಿದ ವೇಗದ ಬೋರ್ಡ್‌ನಲ್ಲಿ ಡೇಟಾ ಸರಿಯಾಗಿಯೇ ಬಂದು, ಪ್ಯಾರಿಟಿ ಮಾತ್ರ ಹೊತ್ತು ಮೀರಿ ಬಂದು, ಇಲ್ಲದ ತಪ್ಪು ವರದಿಯಾಗುತ್ತದೆ. ಅಸಲಿ ಮಾಡ್ಯೂಲ್‌ನಲ್ಲೂ 70 ನ್ಯಾನೋಸೆಕೆಂಡಿನ ಡೇಟಾ ಚಿಪ್‌ಗಳ ಪಕ್ಕ 100ರ ಪ್ಯಾರಿಟಿ ಚಿಪ್ ಕೂರಿಸಿದ್ದರೆ ಇದೇ ಲಕ್ಷಣ ಕಾಣಿಸುತ್ತದೆ. ಪರೀಕ್ಷೆ ಸರಳ: ಬಯೋಸ್‌ನಲ್ಲಿ ಒಂದು ವೇಟ್ ಸ್ಟೇಟ್ ಹೆಚ್ಚಿಸಿ. ದೂರು ಮಾಯವಾದರೆ ವೇಗದ ಕಡೆ ನೋಡಿ, ಕೋಶಗಳ ಕಡೆಯಲ್ಲ.

ವಿಷಯಕ್ಕೆ ಹತ್ತಿರದ್ದೆಂದು ಒಂದು ಮಾತು ಸೇರಿಸುತ್ತೇನೆ. ಅದೇ ಕಾಲದ ಕೆಲವು 486 ಬೋರ್ಡ್‌ಗಳಲ್ಲಿ, ವೇಗದ ಕಿರು ಮೆಮೊರಿಯಾದ ಕ್ಯಾಶ್‌ನ ಚಿಪ್‌ಗಳ ಜಾಗದಲ್ಲಿ ಒಳಗೆ ಏನೂ ಇಲ್ಲದ ಬರೀ ಪ್ಲಾಸ್ಟಿಕ್ ತುಂಡುಗಳಿಗೆ ಕಾಲು ಜೋಡಿಸಿ ಬೆಸುಗೆ ಹಾಕಿ, ಕ್ಯಾಶ್ ಇದೆಯೆಂದು ಸುಳ್ಳು ಹೇಳುವ ಬಯೋಸ್ ಹಾಕಿ ಮಾರಿದ್ದರು. ಅದರ ಮುಂದೆ ಲಾಜಿಕ್ ಪ್ಯಾರಿಟಿಯವರನ್ನು ನಾನು ಶ್ರಮಜೀವಿಗಳೆಂದೇ ಕರೆಯುತ್ತೇನೆ; ಅವರು ಕನಿಷ್ಠ ಒಂದು ಕೆಲಸ ಮಾಡುವ ಚಿಪ್ಪನ್ನಾದರೂ ಕೊಟ್ಟರು.

ಸಿಕ್ಕ ನಕಲಿ ಮಾಡ್ಯೂಲ್‌ಗಳನ್ನು ಏನು ಮಾಡಬೇಕು? ಎಸೆಯಬೇಕಾಗಿಲ್ಲ. ಎಂಟು ಡೇಟಾ ಬಿಟ್‌ಗಳ ಪರೀಕ್ಷೆಯಲ್ಲಿ ಅವು ಚೆನ್ನಾಗಿ ನಿಂತರೆ, ಪ್ಯಾರಿಟಿ ಕೇಳದ ಯಂತ್ರಗಳಲ್ಲಿ ಧಾರಾಳವಾಗಿ ಬಳಸಬಹುದು. ಹಳೆಯ ಮ್ಯಾಕಿಂಟಾಷ್‌ಗಳಲ್ಲಿ ಬಹುತೇಕ ಎಲ್ಲಕ್ಕೂ ಎಂಟು ಬಿಟ್ ಸಾಕು. ನಕಲಿ ಚಿಪ್ ತೆಗೆದು ಅಸಲಿ ಮೆಮೊರಿ ಚಿಪ್ ಕೂರಿಸಲು ಬರುವುದಿಲ್ಲವೇ ಎಂದರೆ, ಬರುವುದಿಲ್ಲ: ಆ ಜಾಗಕ್ಕೆ ಎಳೆದಿರುವುದು ಡೇಟಾ ಗೆರೆಗಳನ್ನು, ಮೆಮೊರಿ ಚಿಪ್‌ಗೆ ಬೇಕಾದ ವಿಳಾಸದ ಗೆರೆಗಳನ್ನಲ್ಲ. ನಾನಾದರೆ ಆ ಚಿಪ್ಪನ್ನು ಬಿಸಿಗಾಳಿಯಿಂದ ಕಿತ್ತು, ಮಾಡ್ಯೂಲ್ ಮೇಲೆ ‘8 ಬಿಟ್’ ಎಂದು ಬರೆದಿಡುತ್ತೇನೆ. ಪ್ಯಾರಿಟಿ ಬೇಕೆನ್ನುವ ಬೋರ್ಡ್‌ಗೆ ಯಾರಾದರೂ ಅದನ್ನು ಹಾಕಿದರೆ, ಅದು ಆನ್ ಮಾಡಿದಾಗಲೇ ಪ್ಯಾರಿಟಿ ತಪ್ಪು ತೋರಿಸಿ ನಿಲ್ಲುತ್ತದೆ.